ಕೊಸರಿಲ್ಲದ ತಾಮ್ರ

ನಮ್ಮೂರಿನ ಹೊಂಡದ ಮೆಟ್ಟಿಲ ಮೇಲೆ ಕೂತವರು ಸೆರಗನ್ನು ನೀರಿಗೆ ಬಿಡಬಾರದು. ಬಿಟ್ಟವರಿಗೆ ನಾನು ಬೈಯುವುದಿಲ್ಲ. ಸೆರಗು ಹಿಂಡುವಾಗ ಅವರೇ ತಮ್ಮನ್ನು ಬೈದುಕೊಳ್ಳುತ್ತಾರೆ. ಹೋದ ವರ್ಷ ಪರ ಊರಿನ ದೊಡ್ಡ ಮನುಷ್ಯರೊಬ್ಬರು ತಲೆಗೆ ಹಸಿರು ಪಟಗ ಸುತ್ತಿಕೊಂಡು ಬಂದಿದ್ದರು. ಬಿಸಿಲು ಜೋರಿತ್ತು. ಮುಖ ತೊಳೆಯಲು ಬಗ್ಗಿದಾಗ ಪಟಗದ ತುದಿ ನೀರಿಗಿಳಿಯಿತು. "ಎತ್ತಿ ಹಿಡೀರಿ ಸಾಹೇಬ್ರ" ಎಂದು ನಾನು ಕೂಗಿದ್ದು ಅವರ ಕಿವಿಗೆ ಬೀಳಲಿಲ್ಲ. ಮುಖ ಆಯಿತು, ಕೈ ಆಯಿತು, ಕಾಲೂ ಆಯಿತು. ಎದ್ದಾಗ ಪಟಗ ಅರ್ಧ ಹಸಿರು, ಅರ್ಧ ಅಚ್ಚ ಬಿಳಿ. ಅದನ್ನೇ ಸುತ್ತಿಕೊಂಡು ಸಂಜೆಯವರೆಗೆ ಊರೆಲ್ಲ ಗತ್ತಿನಿಂದ ತಿರುಗಿದರು. ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ನನ್ನ ಹೆಸರು ಕಾಶವ್ವ. ಹೊಂಡ ಕಾಯುವುದು ನನ್ನ ಕೆಲಸ. ನನಗಿಂತ ಮೊದಲು ನಮ್ಮವ್ವ ಕಾಯುತ್ತಿದ್ದಳು. ಹೊಂಡದ ಮೇಲ್ಗಡೆ ಬಣ್ಣಗಾರರ ಓಣಿ, ನೂರಾ ಹನ್ನೆರಡು ಮನೆ. ಅವರ ಬಣ್ಣದ ಬಾನಿಗಳಲ್ಲಿ ಸೀರೆ, ನೂಲು ಎಲ್ಲ ಮಿಂದು ಏಳುತ್ತವೆ. ಮಿಂದ ನೀರು ಹೊಂಡಕ್ಕೆ ಬರುತ್ತದೆ. ಹೊಂಡದ ಕೆಳಗೆ ಕೆಳಗಿನ ಓಣಿ. ಅವರು ಕುಡಿಯುವುದು ಇದೇ ಹೊಂಡದ ನೀರು. ನಡುವೆ ಹದಿನೆಂಟು ಚೌಕಟ್ಟುಗಳಲ್ಲಿ ತೂಗುಬಿಟ್ಟ ಹಾಳೆಗಳಿವೆ, ಬಣ್ಣ ತಿನ್ನುವ ಹಾಳೆಗಳು. ಬಿಸಿಲು ಬಿದ್ದರೆ ಸಾಕು, ನೀಲಿಯೋ ಕೆಂಪೋ ನೋಡದೆ ಎಲ್ಲ ತಿಂದು ಮುಗಿಸುತ್ತವೆ. ಹೊಂಡದಲ್ಲಿ ಹುಟ್ಟಿದ ಕಪ್ಪೆಗಳಿಗೆ ಬಣ್ಣವೇ ಇಲ್ಲ, ಅವುಗಳಿಗೆ ಅದರ ಚಿಂತೆಯೂ ಇಲ್ಲ. ನೇರಳೆಹಣ್ಣು ತಿಂದ ಮಕ್ಕಳು ಬಾಯಿ ತೊಳೆಯಲು ಇಲ್ಲಿಗೇ ಓಡಿ ಬರುತ್ತಾರೆ, ಮನೆಯಲ್ಲಿ ಗೊತ್ತಾಗದಿರಲಿ ಎಂದು.

ಊರಿನ ನಿಯಮ ಒಂದೇ. ಹೊಂಡ ತಿಳಿಯಾಗುವ ತನಕ ಯಾವ ಬಾನಿಗೂ ಬೆಂಕಿ ಹಾಕುವಂತಿಲ್ಲ. ತಿಳಿಯಾಗಿದೆಯೋ ಇಲ್ಲವೋ ಎಂದು ಹೇಳುವವಳು ನಾನು. ನೀರೊಳಗಿನ ನಾಲ್ಕನೇ ಮೆಟ್ಟಿಲ ಮೇಲೆ ಒಂದು ಅಕ್ಕಿ ಕಾಳು ಬಿಡುತ್ತೇನೆ. ನಿಂತಲ್ಲಿಂದ ಅದು ಬೆಳ್ಳಗೆ ಕಂಡರೆ ಮೂರು ಸಲ "ತಿಳಿ" ಎಂದು ಕೂಗುತ್ತೇನೆ. ಆಮೇಲೆಯೇ ಓಣಿಯಲ್ಲಿ ಹೊಗೆ ಏಳುವುದು. ಈ ಒಂದು ಮಾತಿನಿಂದಾಗಿ ನನಗೆ ಊರಲ್ಲಿ ಬಹಳ ಮರ್ಯಾದೆ, ಸ್ವಲ್ಪ ಸೊಕ್ಕೂ ಇದೆ ಎನ್ನುತ್ತಾರೆ. ಇದ್ದರೂ ಇರಬಹುದು.

ಹಾಳೆ ಮಾಡುವುದೂ ನನ್ನದೇ ಕೆಲಸ. ಗುಡ್ಡದ ಬೂದುಗಲ್ಲು ಪದರು ಪದರಾಗಿ ಇರುತ್ತದೆ. ಅಂಗೈಗೆ ಆಲದ ಹಾಲು ಸವರಿಕೊಂಡು ಇಬ್ಬರು ಎದುರುಬದುರು ಕೂರಬೇಕು. ನಡುವೆ ಕಲ್ಲಿನ ಚೂರು ಇಟ್ಟು ಕೈ ಒತ್ತಿ ಎಳೆದರೆ ಅರ್ಧ ನನ್ನ ಅಂಗೈಗೆ, ಅರ್ಧ ನಿನ್ನ ಅಂಗೈಗೆ. ಮತ್ತೆ ಒತ್ತು, ಮತ್ತೆ ಎಳೆ. ಇಪ್ಪತ್ತು ಸಲ ಸೀಳಿದ ಮೇಲೆ ಕೈಯಲ್ಲಿ ಏನಿದೆ ಎಂದು ಕೇಳಿದರೆ ಏನೂ ಇಲ್ಲ ಎನ್ನಬೇಕು, ಅಷ್ಟು ತೆಳುವು. ಈರುಳ್ಳಿ ಸಿಪ್ಪೆ ಅದರ ಮುಂದೆ ಕಂಬಳಿ. ಆ ಪದರುಗಳನ್ನು ಗಂಜಿಯಲ್ಲಿ ಕಲಸಿ, ಮಣ್ಣಿನ ಹಂಚಿನ ಮೇಲೆ ಹುಯ್ದು, ಒಲೆಯಲ್ಲಿ ಬೇಯಿಸಿ ಹಾಳೆ ಎಬ್ಬಿಸುತ್ತೇನೆ. ಅವುಗಳಲ್ಲಿ ಒಂದೇ ದೋಷ. ಸುಡುವ ಬಿಸಿಲು ಬೇಕು. ಮೋಡ ಕವಿದರೆ ಮಲಗಿಬಿಡುತ್ತವೆ. ಅದಕ್ಕೇ ಮಳೆಗಾಲದಲ್ಲಿ ನಮ್ಮ ಬಣ್ಣಗಾರರು ಕಟ್ಟೆಯ ಮೇಲೆ ಚೌಕಾಬಾರ ಆಡುತ್ತಾ ಜಗಳವಾಡುತ್ತಾರೆ.

ಇನ್ನು ಫಕೀರಪ್ಪನ ವಿಷಯ. ಅವನು ಕಲಾಯಿಗಾರ, ಕೆಳಗಿನ ಓಣಿಯಲ್ಲಿ ಬಂದು ನೆಲೆಸಿ ಮೂರು ವರ್ಷ. ನನ್ನ ಒಲೆಯ ಪಕ್ಕದ ಬೇವಿನ ಮರದ ನೆರಳಲ್ಲಿ ತಿದಿ ಊದಿಕೊಂಡು ತಾಮ್ರದ ಪಾತ್ರೆಗಳಿಗೆ ಕಲಾಯಿ ಹಚ್ಚುತ್ತಿದ್ದ. ನನ್ನ ಹತ್ತಿರ ಇದ್ದದ್ದು ಒಂದೇ ತಾಮ್ರದ ಚಂಬು. ಅದಕ್ಕೆ ಒಂದೇ ವರ್ಷದಲ್ಲಿ ನಾಲ್ಕು ಸಲ ಕಲಾಯಿ ಹಾಕಿದ. ಐದನೇ ಸಲ "ಚಂಬು ಕೊಡ್ರಿ, ಮಾಸೇತಿ" ಎಂದು ಬಂದಾಗ ನನಗೆ ತಡೆಯಲಿಲ್ಲ.

"ಏನ್ರಿ ಫಕೀರಪ್ಪ, ನಿಮಗ ಚಂಬು ಬೇಕಾಗೇತೋ, ಚಂಬಿನಾಕಿ ಬೇಕಾಗ್ಯಾಳೋ?"

ಅವನು ತಿದಿಯನ್ನು ಎರಡು ಸಲ ಸುಮ್ಮನೆ ಒತ್ತಿದ. "ಚಂಬಿಗೆ ಕಲಾಯಿ ಸಾಕಾಗೇತ್ರಿ" ಎಂದ.

ಹೀಗೆ ನಲವತ್ತನಾಲ್ಕನೇ ವಯಸ್ಸಿನಲ್ಲಿ ನನ್ನ ಮದುವೆ ಗೊತ್ತಾಯಿತು. ಜ್ಯೇಷ್ಠದ ಕೊನೆಯ ಬುಧವಾರ, ಮಧ್ಯಾಹ್ನದ ಮುಹೂರ್ತ. ಅದು ತಪ್ಪಿದರೆ ಆಷಾಢ, ಆಮೇಲೆ ಕಾರ್ತಿಕದ ತನಕ ನಮ್ಮಲ್ಲಿ ಮದುವೆಯಿಲ್ಲ. ಆಷಾಢ ಹುಟ್ಟಿದರೆ ಫಕೀರಪ್ಪ ತಿದಿ ಹೆಗಲಿಗೇರಿಸಿ ಊರೂರು ಹೊರಡುವವನು. ನಾಲ್ಕು ತಿಂಗಳಲ್ಲಿ ಎಷ್ಟು ಊರು, ಎಷ್ಟು ಚಂಬು! ನನಗೆ ಹೆದರಿಕೆಯಾಗಿತ್ತು, ಮುಚ್ಚಿಡುವುದೇನು? ಇಷ್ಟು ವರ್ಷ ಒಬ್ಬಳೇ ಇದ್ದಾಗ ಆಗದ ಹೆದರಿಕೆ ಅದು.

ನಮ್ಮಲ್ಲಿ ಮದುಮಗಳು ತನ್ನ ಧಾರೆ ಸೀರೆಗೆ ತಾನೇ ಬಣ್ಣ ಹಾಕಬೇಕು. ಬಿಳಿ ಸೀರೆಯನ್ನು ಕೆಂಪು ಬಾನಿಯಲ್ಲಿ ಮೂರು ಮುಳುಗು, ಮುಳುಗಿಗೊಂದು ದಿನ. ಸೀರೆ ಬಂದಿತ್ತು, ಬಾನಿ ಇತ್ತು, ಕಟ್ಟಿಗೆಯೂ ಒಟ್ಟಿಯಾಗಿತ್ತು. ಅಷ್ಟರಲ್ಲಿ ಮೋಡ ಬಂತು, ಲೆಕ್ಕಕ್ಕಿಂತ ಇಪ್ಪತ್ತು ದಿನ ಮುಂಚೆ. ಮೋಡದ ಸುಳಿವು ಸಿಕ್ಕ ಓಣಿಯವರು ಹಿಂದಿನ ದಿನವೇ ಇದ್ದಬದ್ದ ಬಾನಿಗಳನ್ನೆಲ್ಲ ಖಾಲಿ ಮಾಡಿಬಿಟ್ಟಿದ್ದರು. ಹೊಂಡ ಬದನೆಕಾಯಿ ಬಣ್ಣಕ್ಕೆ ತಿರುಗಿ ನಿಂತಿತು. ಮೊದಲನೇ ಮೆಟ್ಟಿಲೂ ಕಾಣದು. ಮುಹೂರ್ತಕ್ಕೆ ಹದಿನಾರು ದಿನ ಉಳಿದಿತ್ತು.

ನಗುವವರಿಗೆ ಅದಕ್ಕಿಂತ ಏನು ಬೇಕು? ಊರಿನ ಬಾನಿಗಳನ್ನೆಲ್ಲ ಆರಿಸಿ ಕೂರಿಸುತ್ತಿದ್ದವಳ ಬಾನಿಯೇ ಆರಿತ್ತು. ಬಣ್ಣಗಾರರ ಹಿರಿಯ ದುಂಡಪ್ಪಜ್ಜ ಎಲೆಯಡಿಕೆ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತ.

"ತಂಗಿ, ತಿಳಿ ಅನ್ನಾಕಿ ನೀನ. ಅಂದುಬಿಡು. ಬ್ಯಾಡ ಅನ್ನೋರ್ ಯಾರದಾರ?"

"ನೀರು ಕಾಣವಲ್ದೇನಜ್ಜ ನಿನಗ?"

"ನನಗ ವಯಸ್ಸಾಗೇತಿ, ಕಣ್ಣು ಮಂಜು. ನಿನ್ನ ಮಾತಿನ ಮ್ಯಾಲ ನಂಬಿಕಿ."

ಅಜ್ಜ ಕೀಟಲೆಗೆ ಅಂದದ್ದು. ಆದರೆ ಆ ಮಾತು ನನ್ನ ತಲೆಯೊಳಗೆ ಹೊಕ್ಕು ಚಾಪೆ ಹಾಸಿಕೊಂಡಿತು. ಒಂದು ಮಾತು, ಮೂರು ಸಲ ಕೂಗಿದರೆ ಆಯಿತು. ಆಗ ಓಣಿಯವರೂ ಬಾನಿ ಹೊತ್ತಿಸುತ್ತಾರೆ, ಹೊಂಡ ಉಕ್ಕಿ ಕೆಳಗಿನ ಓಣಿಗೆ ಹೋಗುತ್ತದೆ. ಅಲ್ಲಿ ಫಕೀರಪ್ಪ ತಾನೇ ಕಲಾಯಿ ಹಾಕಿದ ಚಂಬಿನಲ್ಲಿ ಅದನ್ನೇ ಕುಡಿಯುತ್ತಾನೆ. ನಾನು ಎದ್ದು ಹೊಂಡದ ಸುತ್ತ ಒಂದು ಸುತ್ತು ಬಂದೆ, ತಲೆ ತಣ್ಣಗಾಗಲಿ ಎಂದು.

ಆ ಸುತ್ತಿನಲ್ಲೇ ನಾನು ಕಪ್ಪೆ ಕಂಡದ್ದು. ಬದನೆಕಾಯಿ ಬಣ್ಣದ ನೀರಲ್ಲಿ ಬಣ್ಣವಿಲ್ಲದ ಕಪ್ಪೆ ಕಾಣಬಾರದು. ಆದರೆ ಆರನೇ ಚೌಕಟ್ಟಿನ ಸುತ್ತ ಮೊರದಗಲ ನೀರು ತಿಳಿಯಾಗಿತ್ತು, ಅದರೊಳಗೆ ಕಪ್ಪೆ ಕಾಲು ಚಾಚಿ ತೇಲುತ್ತಿತ್ತು. ಮೇಲೆ ಮೋಡ ಹಾಗೇ ಇತ್ತು. ಉಳಿದ ಹದಿನೇಳು ಚೌಕಟ್ಟು ಗೊರಕೆ ಹೊಡೆಯುವಾಗ ಇದೊಂದು ಮಾತ್ರ ಕೂತು ಉಣ್ಣುತ್ತಿತ್ತು.

ಆರನೇ ಚೌಕಟ್ಟಿನ ಹಾಳೆ ಯಾವಾಗ ಬೇಯಿಸಿದ್ದು ಎಂದು ನೆನಪು ಮಾಡಿಕೊಂಡೆ. ಕಷ್ಟವಾಗಲಿಲ್ಲ, ಯಾಕೆಂದರೆ ಅವತ್ತು ಫಕೀರಪ್ಪನಿಗೆ ಬಾಯಿ ತುಂಬ ಬೈದಿದ್ದೆ. ಗಾಳಿ ಬಿಟ್ಟಿದ್ದ ದಿನ ಅವನು ದೊಡ್ಡ ತಾಮ್ರದ ಹಂಡೆಯೊಂದರ ಅಂಚನ್ನು ಅರದಿಂದ ಉಜ್ಜುತ್ತಿದ್ದ. ಪುಡಿ ಹಾರಿ ನನ್ನ ಹಂಚಿನ ಮೇಲೆ ಬಂದಿತ್ತು. ಅವನನ್ನು ಕರೆದು ತೋರಿಸಿದೆ. ಅವನು ಬಗ್ಗಿ ಕಪ್ಪೆಯನ್ನೇ ಬಹಳ ಹೊತ್ತು ನೋಡಿದ.

"ಅವತ್ತು ಬೈದ್ರಲ್ಲ, ಅದನ್ನ ವಾಪಸ್ ತಗೋರಿ ಮತ್ತ" ಎಂದ.

"ಅರ್ಧ ತಗೋತೀನಿ" ಎಂದೆ.

ಹಂಚು ಬಿಸಿಯಿದ್ದಾಗ ಬಿದ್ದ ತಾಮ್ರ ಪದರಿನೊಳಗೆ ಹೋಗಿ ಕೂತಿತ್ತು. ಅಷ್ಟು ಗೊತ್ತಾದದ್ದೇ ತಡ, ಸುದ್ದಿ ಓಣಿ ತುಂಬ ಹರಡಿತು. ಮಳೆಗಾಲದಲ್ಲೂ ಬಾನಿ ಹೊತ್ತಿಸಬಹುದು ಎಂದರೆ ಯಾರು ಸುಮ್ಮನಿರುತ್ತಾರೆ? ಹೊಂಡ ಊರಿಗೆ ಸೇರಿದ್ದು, ಹಾಗಾಗಿ ಮನೆಗೊಂದು ಚಿಟಿಕೆ ತಾಮ್ರದ ಪುಡಿ ಎಂದು ದುಂಡಪ್ಪಜ್ಜ ಸಾರಿಸಿದ. ನಾನೂ ಹೂಂ ಎಂದೆ. ಅಲ್ಲೇ ಎಡವಟ್ಟಾದದ್ದು. ನಮ್ಮೂರಿನವರ ಒಂದು ಗುಣ ನನಗೆ ನೆನಪಾಗಲಿಲ್ಲ, ಯಾಕೆಂದರೆ ಅದು ನನ್ನ ಗುಣವೂ ಹೌದು. ನಮ್ಮಲ್ಲಿ ಕೊಸರಿಲ್ಲದೆ ಕೊಟ್ಟರೆ ಕೊಟ್ಟಂತೆಯೇ ಅಲ್ಲ. ಸೇರು ಜೋಳ ಅಳೆದವರು ಮೇಲೊಂದು ಬೊಗಸೆ ಸುರಿಯುತ್ತಾರೆ. ಪಕ್ಕದ ಮನೆಗೆ ಉಪ್ಪು ಕೊಟ್ಟರೂ ಅದರ ಮೇಲೆ ಎರಡು ಹರಳು. ಲಗ್ನದ ದಿನ ಮುದುಕರು ಮದುಮಕ್ಕಳಿಗೆ ನೂರು ವರ್ಷ ಎಂದು ಹರಸಿ, "ಮ್ಯಾಲೊಂದು ಹತ್ತು" ಎಂದು ಸೇರಿಸುತ್ತಾರೆ.

ನೂರಾ ಹನ್ನೆರಡು ಮನೆಯವರು ಬಂದರು. ಪ್ರತಿಯೊಬ್ಬರೂ ಒಂದು ಚಿಟಿಕೆ ಹಾಕಿ, ಸುತ್ತ ನೋಡಿ, "ಇದು ಕೊಸರು" ಎಂದು ಒಂದು ಹಿಡಿ ಸುರಿದರು. "ಕಾಶವ್ವನ ಮದುವಿ ಅಲ್ಲೇನ್ರಿ, ಕೈ ಹಿಡಿಯಾಕ ಆಗ್ತದೇನು?" ನನಗೂ ಹೃದಯ ತುಂಬಿ ಬಂದಿತ್ತು. ಹಾಳೆಗಳು ಒಲೆಯಿಂದ ಕೆಂಪಗೆ ಫಳಫಳ ಹೊಳೆಯುತ್ತಾ ಎದ್ದವು. ಊರೇ ಚಪ್ಪಾಳೆ ತಟ್ಟಿತು. ಚೌಕಟ್ಟಿಗೆ ಕಟ್ಟಿ ನೀರಿಗಿಳಿಸಿದೆವು.

ಒಂದು ದಿನ, ಎರಡು ದಿನ, ಮೂರು ದಿನ. ಹೊಂಡ ಬದನೆಕಾಯಿಯಾಗಿಯೇ ಇತ್ತು. ಮೂರನೇ ದಿನ ಮೋಡ ಸರಿದು ಅರ್ಧ ದಿನ ಒಳ್ಳೆಯ ಬಿಸಿಲು ಬಿತ್ತು. ಆಗಲೂ ಆ ಹೊಳೆಯುವ ಹಾಳೆಗಳು ಒಂದು ತೊಟ್ಟು ಬಣ್ಣ ತಿನ್ನಲಿಲ್ಲ. ಹಳೆಯ ಬೂದು ಹಾಳೆಗಳಾದರೂ ಬಿಸಿಲಿಗೆ ತಿನ್ನುತ್ತಿದ್ದವು. ಅವನ್ನು ಬಿಚ್ಚಿ ಮೂಲೆಗೆ ಒಗೆದದ್ದೂ ನಾವೇ. ಮುಹೂರ್ತಕ್ಕೆ ಇನ್ನು ಒಂಬತ್ತು ದಿನ. ಮೆಟ್ಟಿಲ ಮೇಲೆ ಕೂತು ನಾನು ಅತ್ತೆ. ಯಾರಾದರೂ ನೋಡುತ್ತಾರೆ ಎಂದು ಮೊದಲು ಮುಖ ತೊಳೆಯುವಂತೆ ನಟಿಸಿದೆ, ಆಮೇಲೆ ಅದನ್ನೂ ಬಿಟ್ಟು ಜೋರಾಗಿಯೇ ಅತ್ತೆ.

"ತಾಮ್ರ ಸಾಲಲಿಲ್ಲ ಕಾಣ್ತದ" ಎಂದ ದುಂಡಪ್ಪಜ್ಜ. "ಇನ್ನೊಂದೀಟು ಹಾಕಸೋಣೇನು?"

ಫಕೀರಪ್ಪ ಅಲ್ಲಿಯವರೆಗೆ ಹಿರಿಯರ ಮುಂದೆ ಬಾಯಿ ಬಿಟ್ಟವನಲ್ಲ. ಅವತ್ತು ಬಿಟ್ಟ.

"ಅಜ್ಜಾರ, ನಾ ಕಲಾಯಿ ಹಾಕೂದು ನೋಡೀರಿಲ್ಲೋ? ತವರ ಹಾಕೂದು ಕಾಳಿನಷ್ಟು. ಆಮ್ಯಾಲೆ ಹತ್ತಿ ಅರಳಿ ಹಿಡಕೊಂಡು ಒರಸ್ತೀನಿ, ಒರಸ್ತೀನಿ, ಒರಸ್ತಾನ ಇರ್ತೀನಿ. ಕಲಾಯಿ ಅಂದ್ರ ಹಾಕೋ ಕೆಲಸ ಅಲ್ರಿ, ಒರಸೋ ಕೆಲಸ. ದಪ್ಪ ಕುಂತ್ರ ಒಂದ ವಾರಕ್ಕ ಚಕ್ಕಿ ಚಕ್ಕಿ ಆಗಿ ಏಳ್ತದ. ಆರನೇ ಹಾಳಿಗೆ ತಾಮ್ರ ಕೊಟ್ಟದ್ದು ಗಾಳಿ. ಗಾಳಿ ಕೊಸರು ಕೊಡಂಗಿಲ್ರಿ."

"ಜಾಸ್ತಿ ಆದ್ರ ಯಾಕ ಕೆಡಬೇಕು?" ಅಜ್ಜನಿಗೆ ಒಪ್ಪಿಗೆಯಾಗಲಿಲ್ಲ.

"ನಿಮ್ಮ ಮನಿಗೆ ಒಬ್ಬ ಬೀಗ ಬಂದ್ರ ಏನಾಗ್ತದ್ರಿ? ಮನಿ ಮಂದೆಲ್ಲ ಚುರುಕಾಗ್ತಾರ, ಮೈಗಳ್ಳ ಸೈತ ಎದ್ದು ನೀರು ತರ್ತಾನ. ನೂರು ಮಂದಿ ಬೀಗರು ಬಂದು ಅಡಿಗಿ ಮನ್ಯಾಗ ಕುಂತ್ರ? ಅವರವರ ಮಾತಾಡಕೋತ ಕುಂದ್ರತಾರ, ಒಲಿ ಹಚ್ಚಾಕೂ ಜಾಗ ಇರಂಗಿಲ್ಲ."

ಅಜ್ಜ ಉಗುಳಲು ಎದ್ದು ಹೋದ. ಅದು ಅವನ ಒಪ್ಪಿಗೆ.

ಆದರೆ ಯಾರ ಮನೆಯ ತಾಮ್ರ ಬಿಡುವುದು? ಹೊಂಡದ ಕೆಲಸದಲ್ಲಿ ಒಂದು ಮನೆ ತಪ್ಪಿದರೂ ಮೂರು ತಲೆಮಾರು ಮಾತು ಬಿಡುತ್ತಾರೆ. ನಾನೇ ಒಂದು ಉಪಾಯ ಮಾಡಿದೆ. ಫಕೀರಪ್ಪ ಒಂದು ಕಡ್ಡಿಯ ತುದಿಗೆ ಅರಳೆ ಸುತ್ತಿಕೊಂಡು ಮನೆ ಮನೆಗೆ ಹೋದ. ಪ್ರತಿ ಮನೆಯ ಒಂದು ತಾಮ್ರದ ಪಾತ್ರೆಗೆ ಅದೇ ಅರಳೆಯಿಂದ ಒಂದೇ ಒಂದು ಸಲ ಒರೆಸುವುದು, ಮುಂದಿನ ಮನೆಗೆ ನಡೆಯುವುದು. ಊರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಯಾರೂ ಕೊಟ್ಟಿರಲಿಲ್ಲ. ಹೆಂಗಸರು ಹೊಸ್ತಿಲಲ್ಲಿ ಕೈ ಹಿಸುಕಿಕೊಂಡು ನಿಂತರು. "ಇನ್ನೊಂದು ಸಲ ಒರಸ್ರಿ ಅಣ್ಣಾ, ಕೊಸರು ಉಳದೇತಿ." ಅವನು ಎಲ್ಲರಿಗೂ ಒಂದೇ ಮಾತು ಹೇಳಿದ. "ಇರ್ಲಿ ತಂಗಿ, ಆಮ್ಯಾಲೆ ಇಸಗೋತೀನಿ." ಬೆಲ್ಲ ಕೊಟ್ಟರೆ ಬೆಲ್ಲವನ್ನೂ ಮುಟ್ಟಲಿಲ್ಲ. ನೂರಾ ಹನ್ನೆರಡು ಮನೆ ತಿರುಗಿ ಬಂದು ಒಲೆಯ ಹತ್ತಿರ ಅರಳೆಯನ್ನು ಮೂರು ಸಲ ಜಾಡಿಸಿದ. ಆಮೇಲೆ ಉಳಿದದ್ದನ್ನು ಕಲಸಿದ ಗಂಜಿಗೆ ಮೆಲ್ಲಗೆ ಸೋಕಿಸಿದ.

ಅದಕ್ಕೂ ಮೊದಲು ಕಲ್ಲು ಸೀಳುವುದಕ್ಕೇ ಮೂರು ದಿನ ಹಿಡಿದಿತ್ತು. ಎದುರಿಗೆ ಕೂತು ಎಳೆದವನು ಫಕೀರಪ್ಪನೇ. ಆಲದ ಹಾಲಿನ ಅಂಗೈ ಒತ್ತಿ ಎಳೆಯುವಾಗ ಕೈ ಬಿಡಿಸಿಕೊಳ್ಳಲು ಕೆಲವು ಸಲ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತಾಯಿತು ಎಂದು ಓಣಿಯ ಹೆಂಗಸರು ಇವತ್ತಿಗೂ ಹೇಳುತ್ತಾರೆ. ಸುಳ್ಳೇನಲ್ಲ.

ಹೊಸ ಹಾಳೆಗಳು ನೋಡಲು ಹಳೆಯ ಬೂದು ಹಾಳೆಗಳಂತೆಯೇ ಇದ್ದವು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಶುಕ್ರವಾರ ನೀರಿಗಿಳಿಸಿದೆವು. ಆಕಾಶ ಕಂಬಳಿ ಹೊದ್ದುಕೊಂಡಿತ್ತು. ಶನಿವಾರ ಮೊದಲನೇ ಮೆಟ್ಟಿಲು ಕಂಡಿತು. ನಾನು ಯಾರಿಗೂ ಹೇಳದೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಒಬ್ಬಳೇ ಒಂದು ಸಲ ಕುಣಿದೆ. ಭಾನುವಾರ ಎರಡನೇ ಮೆಟ್ಟಿಲು. ಸೋಮವಾರ ಮೂರನೆಯದು. ಮೂರು ಮುಳುಗಿಗೆ ದಿನ ಉಳಿದಿರಲಿಲ್ಲ, ಆದರೆ ಎರಡಾದರೂ ಆಗುತ್ತಿತ್ತು.

ಮಂಗಳವಾರ ಬೆಳಿಗ್ಗೆ ಊರೆಲ್ಲ ಹೊಂಡದ ಸುತ್ತ ನೆರೆಯಿತು. ನಾಲ್ಕನೇ ಮೆಟ್ಟಿಲಿಗೆ ಕಾಳು ಬಿಟ್ಟೆ. ಕಂಡಿತು. ಕಂಡಿತೇ? ಏನೋ ಒಂದು ಇತ್ತು. ಅದು ಬಿಳಿಯೋ, ನನ್ನ ಆಸೆಯೋ ತಿಳಿಯಲಿಲ್ಲ. "ಕಾಣ್ತದ, ಕಾಣ್ತದ" ಎಂದು ಓಣಿ ಕೂಗಿತು. ನನ್ನ ಬಾಯಿ ಅರ್ಧ ತೆರೆದಿತ್ತು. ಆಗ ಫಕೀರಪ್ಪ ಮೆಟ್ಟಿಲಿಳಿದು ಬಂದ. ಅವನ ಕೈಯಲ್ಲಿ ನನ್ನದೇ ಚಂಬು ಇತ್ತು, ಒಳಗೆ ಹೊಸ ಕಲಾಯಿ ಬೆಳ್ಳಗೆ ಹೊಳೆಯುತ್ತಿತ್ತು. ಹೊಂಡದ ನೀರು ತುಂಬಿ ನನ್ನ ಮುಖದ ಹತ್ತಿರ ಹಿಡಿದ. ಬಿಳಿ ತಳದ ಮೇಲೆ ನೇರಳೆಹಣ್ಣು ತೊಳೆದ ನೀರಿನಷ್ಟು ತೆಳ್ಳಗೆ ಬಣ್ಣ.

"ಇದನ್ನ ಹೇಳೂದು ನನಗೂ ಸಂಕಟಾನ" ಎಂದ. ಮದುವೆ ತಪ್ಪಿದರೆ ಊರೂರು ಒಬ್ಬನೇ ಅಲೆಯಬೇಕಾದವನು ಅವನು. "ಆದ್ರ ಸುಳ್ಳು ತಿಳಿ ಕುಡದು ನಿಮ್ಮ ಕೂಡ ಬಾಳ್ವೆ ಮಾಡಾಕ ನನಗಾಗಂಗಿಲ್ಲ."

ನಾನು ಬಾಯಿ ಮುಚ್ಚಿದೆ. ಆ ಗಳಿಗೆಯಲ್ಲಿ ಅವನ ಮೇಲೆ ಸಿಟ್ಟು ಬಂತು, ಅದರ ಜೊತೆಯಲ್ಲೇ ಇಂಥವನಿಗೆ ಕಾರ್ತಿಕದ ತನಕವಲ್ಲ, ಹತ್ತು ಕಾರ್ತಿಕ ಬೇಕಾದರೂ ಕಾಯಬಹುದು ಎಂದೂ ಅನ್ನಿಸಿತು. "ಇಲ್ಲ, ಇನ್ನೂ ಆಗಿಲ್ಲ" ಎಂದು ಕೂಗಿ ಹೇಳಿ ಮನೆಗೆ ಹೋದೆ. ಓಣಿಯವರು ಚದುರಿದರು.

ಬುಧವಾರ ಬೆಳಕು ಹರಿಯುವಾಗ ಹೋಗಿ ನೋಡಿದೆ. ಕಾಳು ಬಿಡುವ ಅಗತ್ಯವೇ ಇರಲಿಲ್ಲ, ಹಿಂದಿನ ದಿನ ಬಿಟ್ಟದ್ದು ಅಲ್ಲೇ ಬೆಳ್ಳಗೆ ಕೂತಿತ್ತು. ಆದರೂ ಚಂಬಿನಲ್ಲಿ ನೀರು ತುಂಬಿ ನೋಡಿದೆ. ತಳ ಬಿಟ್ಟರೆ ಏನೂ ಇಲ್ಲ. "ತಿಳಿ" ಎಂದು ನಾನು ಕೂಗಿದ್ದು ಗುಡ್ಡಕ್ಕೆ ಬಡಿದು ವಾಪಸು ಬಂತಂತೆ. ಎರಡನೇ ಸಲ ಕೂಗುವಷ್ಟರಲ್ಲಿ ನನ್ನ ಬಾನಿಗೆ ಯಾರೋ ಬೆಂಕಿ ಹಾಕಿಯಾಗಿತ್ತು.

ಮೂರು ಮುಳುಗಿಗೆ ಎಲ್ಲಿಯ ಹೊತ್ತು? ಒಂದೇ ಮುಳುಗು. ಸೀರೆ ಎದ್ದಾಗ ಕೆಂಪೂ ಅಲ್ಲ, ಬಿಳಿಯೂ ಅಲ್ಲ, ನಾಚಿಕೊಂಡ ಕೆನ್ನೆಯ ಬಣ್ಣ. ಎಂಟು ಹೆಂಗಸರು ಅದರ ಎರಡು ತುದಿ ಹಿಡಿದು ಗಾಳಿಗೆ ಒಣಗಲೆಂದು ಓಣಿಯ ಈ ಕೊನೆಯಿಂದ ಆ ಕೊನೆಗೆ ಓಡಿದರು, ಮತ್ತೆ ಈ ಕೊನೆಗೆ ಓಡಿದರು. ಅರೆ ಒದ್ದೆಯಾಗಿಯೇ ಉಟ್ಟೆ. "ಇದೇನ ಬಣ್ಣ, ಕಾಶವ್ವ?" ಎಂದು ಒಬ್ಬಳು ಕೇಳಿದಳು. ನಾನು ನೆರಿಗೆ ಸರಿಮಾಡಿಕೊಂಡೆ. ಈಗ ನಮ್ಮೂರಿನ ಹುಡುಗಿಯರೆಲ್ಲ ತಮ್ಮ ಮದುವೆಗೆ ಒಂದೇ ಮುಳುಗಿನ ಸೀರೆ ಬೇಕೆಂದು ಹಟ ಹಿಡಿಯುತ್ತಾರೆ, ಅದು ಬೇರೆ ಮಾತು.

ಹೊಂಡದ ಕಟ್ಟೆಯ ಮೇಲೆಯೇ ಧಾರೆ. "ಸೆರಗು ಎತ್ತಿ ಹಿಡಿ ತಂಗಿ, ಇದ್ದದ್ದು ಒಂದ ಮುಳುಗು" ಎಂದು ದುಂಡಪ್ಪಜ್ಜ ಕೂಗಿದ. ತಾಳಿ ಕಟ್ಟುವ ಹೊತ್ತಿಗೆ ಅಜ್ಜ ಅಕ್ಷತೆಯ ತಟ್ಟೆ ಹಿಡಿದು ನಿಂತು ಎಲ್ಲರನ್ನೂ ಗದರಿಸಿದ. "ಹೇಳಾಕತ್ತೀನಿ ಕೇಳ್ರಿ, ಒಬ್ಬರಿಗೆ ಒಂದ ಕಾಳು. ಹೆಚ್ಚಾದ್ರ ಮದುವಿ ಕೆಡ್ತದ!" ಊರವರು ನಗು ತಡೆದುಕೊಂಡು ಎರಡು ಬೆರಳಲ್ಲಿ ಒಂದೊಂದು ಕಾಳು ಹಿಡಿದರು. ಕೊರಳಿಗೆ ತಾಳಿ ಬಿತ್ತು. ನಮ್ಮ ತಲೆಯ ಮೇಲೆ ಕಾಳುಗಳು ಒಂದೊಂದಾಗಿ ಟಪ್ ಟಪ್ ಎಂದು ಬಿದ್ದವು.

ಅಜ್ಜ ಫಕೀರಪ್ಪನ ಮುಖ ನೋಡಿದ. "ಏನೋ ಅಳಿಯ, ಆಮ್ಯಾಲೆ ಇಸಗೋತೀನಿ ಅಂದಿದ್ದೆಲ್ಲ?"

"ಅಂದಿದ್ದೆ ನೋಡ್ರಿ" ಎಂದ ಫಕೀರಪ್ಪ.

"ಹಂಗಾರ ಇಸಗೋ. ಕೊಸರು!"

ನೂರಾ ಹನ್ನೆರಡು ಮನೆಗಳು ಅಷ್ಟು ದಿನ ಕೈಯಲ್ಲಿ ಹಿಡಿದುಕೊಂಡಿದ್ದ ಕೊಸರೆಲ್ಲ ಒಂದೇ ಸಲಕ್ಕೆ ಬಂತು. ಹಿಡಿಗಟ್ಟಲೆ, ಮೊರಗಟ್ಟಲೆ, ಕಣ್ಣು ಬಿಡಲು ಆಗದಷ್ಟು. ಫಕೀರಪ್ಪ ನನ್ನ ತಲೆಯ ಮೇಲೆ ಕೈ ಅಡ್ಡ ಹಿಡಿದ. ನಾನು ಬಗ್ಗಿ ಪಕ್ಕಕ್ಕೆ ತಿರುಗಿದಾಗ ಹೊಂಡ ಕಾಣಿಸಿತು. ನಮ್ಮನ್ನು ತಪ್ಪಿಸಿಕೊಂಡ ಅಕ್ಕಿಯೆಲ್ಲ ನೀರಿಗೆ ಬಿದ್ದು ಮೆಲ್ಲಗೆ ಇಳಿಯುತ್ತಿತ್ತು. ಮೊದಲನೇ ಮೆಟ್ಟಿಲ ಮೇಲೆ, ಎರಡನೆಯದರ ಮೇಲೆ, ನಾಲ್ಕನೆಯದರ ಮೇಲೆ, ಅದನ್ನೂ ದಾಟಿ ನಾನು ಹುಟ್ಟಿದಾಗಿನಿಂದ ನೋಡಿರದ ಹೊಂಡದ ತಳದ ಮೇಲೆ ಕಾಳುಗಳು ಒಂದೊಂದೂ ಬೇರೆ ಬೇರೆಯಾಗಿ ಬೆಳ್ಳಗೆ ಕಾಣುತ್ತಿದ್ದವು. ಯಾರೂ ಕೇಳಿರಲಿಲ್ಲ. ಆದರೂ ನಾನು ಗಂಡನ ಕೈ ಹಿಡಿದುಕೊಂಡು, ಬಾಯಿಗೆ ಬಿದ್ದ ಅಕ್ಕಿ ಉಗುಳಿ, "ತಿಳಿ" ಎಂದು ಕೂಗಿದೆ. ಮೂರು ಸಲ ಕೂಗಿ, ಕೊಸರಿಗೆ ಇನ್ನೊಂದು ಸಲ ಕೂಗಿದೆ.